ಅರ್ಧ ಸೆಕೆಂಡಿನ ಲೆಕ್ಕ

ಒಮ್ಮೆ ಕಣ್ಣು ಮಿಟುಕಿಸಿ ಮತ್ತೊಮ್ಮೆ ಮಿಟುಕಿಸುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದುಹೋಗಿರುತ್ತದೆ. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾದು ನಿಲ್ಲುವವರಿಗೆ ಅರ್ಧ ಸೆಕೆಂಡು ಯಾವ ಲೆಕ್ಕ? ಆದರೆ 2024ರ ಮಾರ್ಚ್ ತಿಂಗಳಲ್ಲಿ ಇಷ್ಟೇ ಇಷ್ಟು ಹೊತ್ತಿನ ವ್ಯತ್ಯಾಸವನ್ನು ಒಬ್ಬ ಎಂಜಿನಿಯರ್ ಗಮನಿಸಿದ್ದರಿಂದ, ಜಗತ್ತಿನ ಅಸಂಖ್ಯ ಕಂಪ್ಯೂಟರುಗಳ ಹಿತ್ತಿಲ ಬಾಗಿಲು ಕಳ್ಳರ ಪಾಲಾಗುವುದು ತಪ್ಪಿತು.

ಆ ಎಂಜಿನಿಯರ್ ಹೆಸರು ಆಂಡ್ರೆಸ್ ಫ್ರಾಯಿಂಡ್. ಮೈಕ್ರೋಸಾಫ್ಟ್ ಸಂಸ್ಥೆಯ ಉದ್ಯೋಗಿ. 'ಪೋಸ್ಟ್‌ಗ್ರೆಸ್' ಎಂಬ ಹೆಸರಾಂತ ತಂತ್ರಾಂಶವನ್ನು ಬೆಳೆಸುತ್ತಿರುವವರಲ್ಲಿ ಒಬ್ಬರು. ಅದರ ವೇಗವನ್ನು ಅವರು ಸೂಕ್ಷ್ಮವಾಗಿ ಅಳೆಯುವವರಿದ್ದರು. ಚಿನ್ನ ತೂಗುವ ಅಕ್ಕಸಾಲಿಗ ಮೊದಲು ಫ್ಯಾನ್ ಆರಿಸುತ್ತಾನಲ್ಲವೆ? ಹಾಗೆಯೇ ಇಂಥ ಅಳತೆಗೆ ಮುನ್ನ ಕಂಪ್ಯೂಟರಿನಲ್ಲಿ ಬೇರೆ ಗದ್ದಲವೇನೂ ಇಲ್ಲದಂತೆ ನೋಡಿಕೊಳ್ಳಬೇಕು. ಫ್ರಾಯಿಂಡ್ ಗದ್ದಲ ಅಡಗಿಸಲು ಹೊರಟಾಗ ಒಂದು ವಿಚಿತ್ರ ಕಂಡುಬಂತು. ದೂರದಿಂದ ಕಂಪ್ಯೂಟರಿನೊಳಗೆ ಪ್ರವೇಶಿಸಲು ಬಳಸುವ 'ಎಸ್‌ಎಸ್‌ಎಚ್' ಎಂಬ ವ್ಯವಸ್ಥೆ, ಸುಳ್ಳು ಹೆಸರು ಹೇಳಿಕೊಂಡು ಬಂದವರನ್ನು ತಕ್ಷಣ ಹೊರಗಟ್ಟುವ ಬದಲು, ಅವರಿಗಾಗಿಯೂ ಪ್ರೊಸೆಸರಿನ ಸಮಯವನ್ನು ಧಾರಾಳವಾಗಿ ಖರ್ಚು ಮಾಡುತ್ತಿತ್ತು. ಗಡಿಯಾರ ಹಿಡಿದು ನೋಡಿದರೆ, ಮೊದಲು ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸ ಈಗ 0.8 ಸೆಕೆಂಡು ತೆಗೆದುಕೊಳ್ಳುತ್ತಿತ್ತು!

ಬೇರೆಯವರಾಗಿದ್ದರೆ 'ಹೋಗಲಿ ಬಿಡಿ' ಎನ್ನುತ್ತಿದ್ದರೇನೋ. ಫ್ರಾಯಿಂಡ್ ಬಿಡಲಿಲ್ಲ. ಜಾಡು ಹಿಡಿದು ಹೋದಾಗ ಅದು 'ಎಕ್ಸ್‌ಝೆಡ್' ಎಂಬ, ಕಡತಗಳನ್ನು ಕುಗ್ಗಿಸಿಡುವ ಪುಟ್ಟ ತಂತ್ರಾಂಶದ ಬಳಿ ಅವರನ್ನು ತಂದು ನಿಲ್ಲಿಸಿತು. ಅದರ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಯಾರೋ ಗುಪ್ತದ್ವಾರವೊಂದನ್ನು ಹುದುಗಿಸಿಟ್ಟಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ 2021ರಿಂದ ನೆರವಿನ ಸೋಗು ಹಾಕಿ, ನಿಧಾನವಾಗಿ ನಂಬಿಕೆ ಗಳಿಸಿ ಮಾಡಿದ ಕೆಲಸ ಅದು. ಮಾರ್ಚ್ 29ರಂದು ಫ್ರಾಯಿಂಡ್ ಇದನ್ನು ಬಹಿರಂಗಪಡಿಸಿದರು. ಲಿನಕ್ಸ್‌ನ ಕೆಲವು ಪ್ರಾಯೋಗಿಕ ಆವೃತ್ತಿಗಳಿಗೆ ಆ ವೇಳೆಗಾಗಲೇ ಈ ವಿಷ ಸೇರಿತ್ತು. ಬಹುಪಾಲು ಸರ್ವರುಗಳು ನಂಬಿರುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ.

ಸೈನಿಕರೂ ಇಲ್ಲ, ಪತ್ತೇದಾರರೂ ಇಲ್ಲ. ಅನಾಹುತವನ್ನು ತಡೆದದ್ದು ಅಳೆದು ನೋಡುವ ಅಭ್ಯಾಸ.

75 ಸೆಂಟಿನ ಕಳ್ಳ

ಇಂಥದೇ ಇನ್ನೊಂದು ಪ್ರಸಂಗ ಸುಮಾರು ನಾಲ್ಕು ದಶಕಗಳಷ್ಟು ಹಿಂದಿನದು. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ಸಂಶೋಧನೆಗೆ ಹಣ ಮುಗಿದದ್ದರಿಂದ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಕಳುಹಿಸಲಾಗಿತ್ತು. ಆ ದಿನಗಳಲ್ಲಿ ಕಂಪ್ಯೂಟರ್ ಬಳಸಿದ ಪ್ರತಿ ಸೆಕೆಂಡಿಗೂ ಬಳಕೆದಾರರ ಖಾತೆಗೆ ಬಾಡಿಗೆ ಹಾಕುವ ಪದ್ಧತಿಯಿತ್ತು. ಲೆಕ್ಕವಿಡಲು ಎರಡು ಬೇರೆಬೇರೆ ಪ್ರೋಗ್ರಾಮುಗಳಿದ್ದವು. ಅವೆರಡರ ಮೊತ್ತದಲ್ಲಿ 75 ಸೆಂಟುಗಳ ವ್ಯತ್ಯಾಸ ಬಂತು. ಕೆಲವೇ ಸೆಕೆಂಡುಗಳ ಬಾಡಿಗೆ! ಹೊಸಬನಾದ ಸ್ಟಾಲ್‌ಗೆ ಇದನ್ನು ಸರಿಪಡಿಸುವ ಕೆಲಸ ಒಪ್ಪಿಸಲಾಯಿತು.

ಲೆಕ್ಕ ತಪ್ಪಿರಲಿಲ್ಲ. ಆ ಕೆಲವು ಸೆಕೆಂಡುಗಳನ್ನು ಬಳಸಿದ ಖಾತೆಗೆ ಬಿಲ್ ಕಳುಹಿಸುವ ವಿಳಾಸವೇ ಇರಲಿಲ್ಲ. ಯಾರೋ ಹೊರಗಿನವರು ಒಳಗೆ ನುಸುಳಿದ್ದರು. ಸ್ಟಾಲ್ ಫೋನ್ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ಬಂದವನು ಒತ್ತಿದ ಪ್ರತಿ ಕೀಲಿಯನ್ನೂ ಸಮಯದ ಸಮೇತ ಕಾಗದಕ್ಕಿಳಿಸಿದರು. ತಿಂಗಳುಗಟ್ಟಲೆ ದಿನಚರಿ ಬರೆದರು. ಕೊನೆಗೆ ಜಾಡು ಜರ್ಮನಿಯ ಹ್ಯಾನೋವರ್ ನಗರದ ಮಾರ್ಕಸ್ ಹೆಸ್ ಎಂಬಾತನ ಮನೆಗೆ ಹೋಗಿ ಮುಟ್ಟಿತು. ಆತ ಮತ್ತು ಅವನ ಸಂಗಡಿಗರು ಅಮೆರಿಕದ ಸೇನೆಗೆ ಸಂಬಂಧಿಸಿದ ಕಂಪ್ಯೂಟರುಗಳಿಂದ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು. 1990ರಲ್ಲಿ ಜರ್ಮನಿಯ ನ್ಯಾಯಾಲಯ ಅವರನ್ನು ಬೇಹುಗಾರಿಕೆಯ ಅಪರಾಧಿಗಳೆಂದು ತೀರ್ಮಾನಿಸಿತು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಹೇಳಿದ್ದು ಕಂಪ್ಯೂಟರಿನ ಕಾಲಕ್ಕೂ ಸಲ್ಲುತ್ತದೆ.

ಒಳಗಿರುವ ಮೀಟರುಗಳು

ಹಾಗಾದರೆ ಕಂಪ್ಯೂಟರು ಎಷ್ಟು ದುಡಿಯಿತು, ಎಷ್ಟು ಹೊತ್ತು ಸುಮ್ಮನೆ ಕುಳಿತಿತ್ತು ಎಂದು ತಿಳಿಯುವುದು ಹೇಗೆ? ಸಂತೋಷದ ಸಂಗತಿಯೆಂದರೆ, ಈ ಲೆಕ್ಕವನ್ನು ಕಂಪ್ಯೂಟರು ತಾನೇ ಇಡುತ್ತದೆ. ಕೇಳುವವರು ಬೇಕು, ಅಷ್ಟೆ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ 'ಪ್ರಾಕ್' ಎಂಬ ಒಂದು ವಿಶಿಷ್ಟ ಕಡತಕೋಶವಿದೆ. ಅದರೊಳಗೆ ಹತ್ತಾರು ಕಡತಗಳು ಕಾಣುತ್ತವೆ. ಆದರೆ ಅವು ಡಿಸ್ಕಿನ ಮೇಲೆ ಎಲ್ಲಿಯೂ ಇಲ್ಲ! ಯಾರಾದರೂ ತೆರೆದು ಓದಿದ ಕ್ಷಣದಲ್ಲಿ, ವ್ಯವಸ್ಥೆಯ ತಿರುಳಾದ 'ಕರ್ನೆಲ್' ಆ ಹೊತ್ತಿನ ಅಂಕಿಗಳನ್ನು ಬರೆದುಕೊಡುತ್ತದೆ. ಬಾವಿಯ ಒಳಗೋಡೆಗೆ ಹಾಕಿದ ಅಳತೆಪಟ್ಟಿಯಂತೆ ಇದು. ಪಟ್ಟಿ ಸದಾ ಅಲ್ಲೇ ಇರುತ್ತದೆ, ನೀರಿನ ಮಟ್ಟ ಇಣುಕಿ ನೋಡಿದವರಿಗೆ ತಿಳಿಯುತ್ತದೆ.

ಇವುಗಳಲ್ಲಿ 'ಸ್ಟ್ಯಾಟ್' ಎಂಬ ಕಡತ ಪ್ರೊಸೆಸರಿನ ದುಡಿಮೆಯನ್ನು ಹೇಳುತ್ತದೆ. 'ಮೆಮ್‌ಇನ್ಫೋ' ಎಂಬುದು ಸ್ಮೃತಿಕೋಶದ, ಅಂದರೆ ಮೆಮೊರಿಯ ಸ್ಥಿತಿಯನ್ನು ತಿಳಿಸುತ್ತದೆ. 'ಲೋಡ್‌ಆವರೇಜ್' ಎಂಬುದು ಕೆಲಸದ ಒತ್ತಡವನ್ನು ಸೂಚಿಸುತ್ತದೆ.

'ಸ್ಟ್ಯಾಟ್' ಕಡತವನ್ನು ಮೊದಲ ಬಾರಿ ನೋಡಿದವರಿಗೆ ಗಾಬರಿಯಾಗುವಷ್ಟು ದೊಡ್ಡ ದೊಡ್ಡ ಸಂಖ್ಯೆಗಳು ಕಾಣಿಸುತ್ತವೆ. ಅದರ ಗುಟ್ಟು ಮನೆಯ ವಿದ್ಯುತ್ ಮೀಟರಿನಲ್ಲಿದೆ. ಮೀಟರು ಈ ತಿಂಗಳ ಬಳಕೆಯನ್ನು ಹೇಳುವುದಿಲ್ಲ. ಅದನ್ನು ಕೂರಿಸಿದಂದಿನಿಂದ ಇಂದಿನವರೆಗಿನ ಒಟ್ಟು ಮೊತ್ತವನ್ನು ತೋರಿಸುತ್ತದೆ. ಈ ತಿಂಗಳ ಅಂಕಿಯಿಂದ ಕಳೆದ ತಿಂಗಳ ಅಂಕಿಯನ್ನು ಕಳೆದಾಗ ಬಳಕೆ ಎಷ್ಟೆಂದು ತಿಳಿಯುತ್ತದೆ. ಕಂಪ್ಯೂಟರಿನದೂ ಇದೇ ರೀತಿ. ಯಂತ್ರ ಚಾಲೂ ಆದಾಗಿನಿಂದ ಪ್ರೊಸೆಸರು ಎಷ್ಟು ಹೊತ್ತು ಕೆಲಸ ಮಾಡಿತು, ಎಷ್ಟು ಹೊತ್ತು ಬಿಡುವಾಗಿತ್ತು ಎಂಬುದನ್ನು ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಭಾಗದ ಅಳತೆಯಲ್ಲಿ ಅದು ಕೂಡಿಸುತ್ತಾ ಹೋಗುತ್ತದೆ.

ಉದಾಹರಣೆಗೆ, ಒಂದೇ ತಿರುಳಿರುವ ಪ್ರೊಸೆಸರಿನಲ್ಲಿ ಒಂದು ನಿಮಿಷಕ್ಕೆ 60 ಸೆಕೆಂಡು, ಅಂದರೆ 6,000 ಎಣಿಕೆಗಳು ಸೇರುತ್ತವೆ. ನಿಮಿಷದ ಆರಂಭದಲ್ಲೂ ಕೊನೆಯಲ್ಲೂ ಓದಿಕೊಂಡಾಗ 'ಬಿಡುವು' ಅಂಕಣದ ವ್ಯತ್ಯಾಸ 4,500 ಬಂತೆನ್ನಿ. ಆಗ ಯಂತ್ರ ಶೇ 75ರಷ್ಟು ಹೊತ್ತು ಬಿಡುವಾಗಿತ್ತು, ಶೇ 25ರಷ್ಟು ಹೊತ್ತು ದುಡಿಯಿತು ಎಂದರ್ಥ. ಏಳನೇ ತರಗತಿಯ ಗಣಿತ ಸಾಕು.

ನಿದ್ದೆಗೆಡದ ಗುಮಾಸ್ತ

ನಿಮಿಷಕ್ಕೊಮ್ಮೆ ಎದ್ದು ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆಯಲು ಯಾರಿಂದ ಸಾಧ್ಯ? ಇಲ್ಲಿಯೇ 'ಸ್ಕ್ರಿಪ್ಟ್' ನೆರವಿಗೆ ಬರುತ್ತದೆ. ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಆದೇಶಗಳ ಪಟ್ಟಿಯೇ ಸ್ಕ್ರಿಪ್ಟ್. ನಾಟಕದ ಪಾತ್ರಧಾರಿಗಳು ಬರೆದ ಸಂಭಾಷಣೆಯನ್ನು ಸಾಲುಸಾಲಾಗಿ ಹೇಳುವಂತೆ ಕಂಪ್ಯೂಟರು ಇದನ್ನು ಮೇಲಿನಿಂದ ಕೆಳಗೆ ಪಾಲಿಸುತ್ತದೆ.

ಅಂಕಿ ಸಂಗ್ರಹಿಸುವ ಸ್ಕ್ರಿಪ್ಟಿನಲ್ಲಿ ಐದೇ ಹೆಜ್ಜೆಗಳು. ಒಂದು, ಈಗಿನ ದಿನಾಂಕ ಮತ್ತು ಸಮಯವನ್ನು ಓದು. ಎರಡು, ಒತ್ತಡ, ಪ್ರೊಸೆಸರ್ ಮತ್ತು ಮೆಮೊರಿಯ ಅಂಕಿಗಳನ್ನು ಓದು. ಮೂರು, ಇವೆಲ್ಲವನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಜೋಡಿಸು. ನಾಲ್ಕು, ಆ ಸಾಲನ್ನು ಕಡತದ ಕೊನೆಗೆ ಸೇರಿಸು. ಐದು, ಅರವತ್ತು ಸೆಕೆಂಡು ಕಾದು ಮತ್ತೆ ಮೊದಲಿನಿಂದ ಆರಂಭಿಸು.

ನಾಲ್ಕನೆಯ ಹೆಜ್ಜೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಸೇರಿಸು' ಎನ್ನುವ ಬದಲು 'ಬರೆ' ಎಂದುಬಿಟ್ಟರೆ ಹಳೆಯದೆಲ್ಲ ಅಳಿಸಿಹೋಗಿ ಕೊನೆಯ ಸಾಲು ಮಾತ್ರ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಬಾಣದ ಗುರುತು ಒಂದೋ ಎರಡೋ ಎಂಬುದಷ್ಟೆ. ಒಂದು ಬಾಣವಾದರೆ ಅಳಿಸಿ ಬರೆಯುತ್ತದೆ, ಎರಡು ಬಾಣಗಳಾದರೆ ಕೊನೆಗೆ ಸೇರಿಸುತ್ತದೆ. ಇದೊಂದು ಗುರುತು ಮರೆತು ಇಡೀ ವಾರದ ದಾಖಲೆ ಕಳೆದುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ.

ಐದನೆಯ ಹೆಜ್ಜೆಯನ್ನು 'ಕ್ರಾನ್' ಎಂಬ ಕಾವಲುಗಾರನಿಗೂ ವಹಿಸಬಹುದು. ಗೊತ್ತುಪಡಿಸಿದ ನಿಮಿಷಕ್ಕೆ ಗೊತ್ತುಪಡಿಸಿದ ಕೆಲಸವನ್ನು ಎಬ್ಬಿಸುವುದು ಇದರ ಹೊಣೆ. ದಾಖಲೆ ಬೆಳೆದು ಡಿಸ್ಕ್ ತುಂಬೀತೆಂಬ ಭಯ ಬೇಡ. ಸಾಲಿಗೆ 60 ಅಕ್ಷರವೆಂದರೂ ದಿನಕ್ಕೆ 1,440 ಸಾಲು, 86,400 ಅಕ್ಷರ. ವರ್ಷವಿಡೀ ಬರೆದರೂ ಸುಮಾರು ಮೂರು ಕೋಟಿ ಹದಿನೈದು ಲಕ್ಷ ಅಕ್ಷರ, ಅಂದರೆ 32 ಮೆಗಾಬೈಟಿಗಿಂತ ಕಡಿಮೆ. ಮೊಬೈಲಿನಲ್ಲಿ ತೆಗೆದ ಹತ್ತು ಫೋಟೊಗಳಷ್ಟೂ ಆಗಲಾರದು!

ತಾವೇ ಬರೆಯಲು ಪುರುಸೊತ್ತಿಲ್ಲದವರಿಗೆ ಸಿದ್ಧ ಸಾಧನಗಳೂ ಇವೆ. ಸೆಬಾಸ್ಟಿಯನ್ ಗೊಡಾರ್ ರೂಪಿಸಿದ 'ಸಿಸ್‌ಸ್ಟ್ಯಾಟ್' ಅವುಗಳಲ್ಲೊಂದು. ಅದರಲ್ಲಿರುವ 'ಸಾರ್' ಎಂಬ ಆದೇಶ, ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟ ದಾಖಲೆಯನ್ನು ದಿನವಾರು ತೆರೆದು ತೋರಿಸುತ್ತದೆ. ಸಂಗ್ರಹವಾದ ಅಂಕಣಗಳನ್ನು ಕೂಡಲು, ಸರಾಸರಿ ತೆಗೆಯಲು 'ಆಕ್' ಎಂಬ ಕಿರುಭಾಷೆಯಿದೆ. 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಭಾಷೆಯ ಹೆಸರು ಅದರ ಕರ್ತೃಗಳಾದ ಅಹೋ, ವೈನ್‌ಬರ್ಗರ್ ಮತ್ತು ಕರ್ನಿಘನ್ ಅವರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು.

ಕೌಂಟರಿನ ಮುಂದಿನ ಸಾಲು

ಒತ್ತಡದ ಕಡತದಲ್ಲಿ ಮೂರು ಸಂಖ್ಯೆಗಳು ಮುಖ್ಯ. ಕಳೆದ 1 ನಿಮಿಷ, 5 ನಿಮಿಷ ಹಾಗೂ 15 ನಿಮಿಷಗಳ ಸರಾಸರಿ ಒತ್ತಡ ಅವು. ಈ ಕಲ್ಪನೆ ಹೊಸದಲ್ಲ. 'ಟೆನೆಕ್ಸ್' ಎಂಬ ಹಳೆಯ ವ್ಯವಸ್ಥೆಯ ಒತ್ತಡದ ಸರಾಸರಿಗಳ ವರದಿ 1973ರಷ್ಟು ಹಿಂದೆಯೇ ಪ್ರಕಟವಾಗಿತ್ತು.

ಅಂಚೆ ಕಚೇರಿಯ ಕೌಂಟರನ್ನು ಕಲ್ಪಿಸಿಕೊಳ್ಳಿ. ಕೌಂಟರು ಒಂದೇ ಇದ್ದು ಒಬ್ಬರ ಕೆಲಸ ನಡೆಯುತ್ತಿದೆ, ಹಿಂದೆ ಯಾರೂ ಇಲ್ಲ ಎಂದರೆ ಒತ್ತಡ 1. ಹಿಂದೆ ಇಬ್ಬರು ಕಾಯುತ್ತಿದ್ದರೆ ಒತ್ತಡ 3. ಆದರೆ ನಾಲ್ಕು ಕೌಂಟರುಗಳಿರುವ ಕಚೇರಿಯಲ್ಲಿ ಮೂವರು ಬಂದರೆ ಯಾರೂ ಕಾಯಬೇಕಾಗಿಲ್ಲ, ಒಂದು ಕೌಂಟರು ಖಾಲಿಯೇ ಇರುತ್ತದೆ. ಆದ್ದರಿಂದ 3 ಎಂಬ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂಬುದು ಪ್ರೊಸೆಸರಿನಲ್ಲಿ ಎಷ್ಟು ತಿರುಳುಗಳಿವೆ ಎಂಬುದನ್ನು ಅವಲಂಬಿಸಿದೆ.

ಮೊದಲ ಸಂಖ್ಯೆ ಮೂರನೆಯದಕ್ಕಿಂತ ದೊಡ್ಡದಿದ್ದರೆ ಜನ ಸೇರುತ್ತಿದ್ದಾರೆ, ಚಿಕ್ಕದಿದ್ದರೆ ಚದುರುತ್ತಿದ್ದಾರೆ. ಹಳೆಯ ಅಂಕಿಗಳಿಗೆ ಕ್ರಮೇಣ ಬೆಲೆ ಕಡಿಮೆ ಮಾಡಿ ಹೊಸದಕ್ಕೆ ಹೆಚ್ಚು ಬೆಲೆ ಕೊಡುವ ಸರಾಸರಿ ಇದು. ಲಿನಕ್ಸ್‌ನಲ್ಲಿ ಇನ್ನೊಂದು ವಿಶೇಷವಿದೆ. 1993ರ ಒಂದು ಬದಲಾವಣೆಯಿಂದಾಗಿ, ಡಿಸ್ಕಿನ ಉತ್ತರಕ್ಕಾಗಿ ಕಾದು ಕುಳಿತ ಕೆಲಸಗಳನ್ನೂ ಅದು ಎಣಿಸುತ್ತದೆ. ಕೌಂಟರಿನ ಸಾಲಿನಲ್ಲಿ ನಿಂತವರ ಜೊತೆಗೆ, ಮೇಲಧಿಕಾರಿಯ ಸಹಿಗಾಗಿ ಬೆಂಚಿನ ಮೇಲೆ ಕುಳಿತವರನ್ನೂ ಲೆಕ್ಕ ಹಾಕಿದಂತೆ! ಹಾಗಾಗಿ ಒತ್ತಡ ಹೆಚ್ಚಿದ್ದ ಮಾತ್ರಕ್ಕೆ ಪ್ರೊಸೆಸರೇ ದಣಿದಿದೆ ಎನ್ನಲಾಗದು.

ಪರೀಕ್ಷೆಯ ಫಲಿತಾಂಶದ ದಿನ ಜಾಲತಾಣ ತೆರೆಯಲು ತಡವಾಗುವುದೂ ಇಂಥ ಸಾಲಿನಿಂದಲೇ. ಸರ್ವರು ನಡೆಸುವವರ ಬಳಿ ಹಿಂದಿನ ವರ್ಷದ ಅಂಕಿಗಳಿದ್ದರೆ, ಈ ವರ್ಷ ಎಷ್ಟು ಕೌಂಟರು ತೆರೆಯಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ದಾಖಲೆ ಇಲ್ಲದಿದ್ದರೆ ಊಹೆಯೇ ಗತಿ.

ಅಂಗಡಿಗೆ ಹೋಗುವ ಮುನ್ನ

'ಕಂಪ್ಯೂಟರು ನಿಧಾನವಾಗಿದೆ, ಹೊಸದು ಬೇಕು' ಎಂಬ ಮಕ್ಕಳ ಬೇಡಿಕೆ ಇಂದು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಒಂದು ವಾರದ ದಾಖಲೆಯನ್ನು ನೋಡುವುದು ಜಾಣತನ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವುದಿಲ್ಲ. ವೈದ್ಯರು ಮೊದಲು ಜ್ವರದ ಏರಿಳಿತದ ಪಟ್ಟಿಯನ್ನು ನೋಡುತ್ತಾರೆ.

ನಿಧಾನವಾದ ಹೊತ್ತಿನಲ್ಲಿ ಪ್ರೊಸೆಸರು ಪೂರ್ತಿ ದುಡಿಯುತ್ತಿದ್ದರೆ, ಯಾವ ಪ್ರೋಗ್ರಾಮು ಅದನ್ನು ತಿನ್ನುತ್ತಿದೆ ಎಂದು ಹುಡುಕಬೇಕು. ಒಮ್ಮೊಮ್ಮೆ ಬೇಡದ ಪ್ರೋಗ್ರಾಮೊಂದನ್ನು ತೆಗೆದುಹಾಕಿದರೆ ಸಾಕಾಗುತ್ತದೆ. ರಾತ್ರಿ ಯಾರೂ ಬಳಸದ ವೇಳೆಯಲ್ಲೂ ಪ್ರೊಸೆಸರು ದುಡಿಯುತ್ತಿದ್ದರೆ ಅನುಮಾನಪಡಲೇಬೇಕು. ತಂತ್ರಾಂಶದ ನವೀಕರಣ ನಡೆದಿರಬಹುದು. ಇಲ್ಲವೇ ಪರರ ಕಂಪ್ಯೂಟರುಗಳಲ್ಲಿ ಗುಟ್ಟಾಗಿ ಸೇರಿ ಡಿಜಿಟಲ್ ನಾಣ್ಯ ಗಳಿಸುವ ಕಳ್ಳ ಪ್ರೋಗ್ರಾಮೂ ಇದ್ದೀತು.

ಪ್ರೊಸೆಸರು ಬಿಡುವಾಗಿದ್ದೂ ಕೆಲಸ ಸಾಗದಿದ್ದರೆ ದೃಷ್ಟಿ ಡಿಸ್ಕಿನ ಕಡೆ ಹರಿಯಬೇಕು. ಡಿಸ್ಕಿಗಾಗಿ ಕಾದ ಸಮಯಕ್ಕೆ 'ಸ್ಟ್ಯಾಟ್' ಕಡತದಲ್ಲಿ ಪ್ರತ್ಯೇಕ ಅಂಕಣವೇ ಇದೆ. ಹಳೆಯ, ತಿರುಗುವ ಡಿಸ್ಕಿರುವ ಕಂಪ್ಯೂಟರಿನಲ್ಲಿ ಇದು ಹೆಚ್ಚಿದ್ದರೆ, ಡಿಸ್ಕ್ ಬದಲಿಸಿದರೆ ಯಂತ್ರಕ್ಕೆ ಹೊಸ ಚೈತನ್ಯ ಬರುವ ಸಾಧ್ಯತೆಯಿದೆ.

ಮೆಮೊರಿಯ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. 'ಖಾಲಿ' ಎಂಬ ಅಂಕಣದಲ್ಲಿ ಪುಟ್ಟ ಸಂಖ್ಯೆ ಕಂಡು ಮೆಮೊರಿ ಮುಗಿದೇಹೋಯಿತೆಂದು ಭಾವಿಸುವುದುಂಟು. ವಾಸ್ತವವಾಗಿ ಲಿನಕ್ಸ್ ಬಳಕೆಯಲ್ಲಿಲ್ಲದ ಮೆಮೊರಿಯನ್ನು ವ್ಯರ್ಥವಾಗಿ ಬಿಡದೆ, ಡಿಸ್ಕಿನಿಂದ ಓದಿದ ಕಡತಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಬೇಕಾದಾಗ ಆ ಜಾಗವನ್ನು ಬಿಟ್ಟುಕೊಡುತ್ತದೆ. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ 'ಲಭ್ಯ' ಎಂಬ ಅರ್ಥದ ಬೇರೆ ಸಾಲನ್ನು ಸೇರಿಸಲಾಯಿತು. ನೋಡಬೇಕಾದದ್ದು ಅದನ್ನು. ಮೆಮೊರಿಯ ವಸ್ತುಗಳನ್ನು ಡಿಸ್ಕಿಗೆ ಸಾಗಿಸುವ, ಮರಳಿ ತರುವ ಕೆಲಸ ಎಡೆಬಿಡದೆ ನಡೆಯುತ್ತಿದ್ದರೆ ಮಾತ್ರ ನಿಜವಾಗಿ ಮೆಮೊರಿಯ ಕೊರತೆಯಿದೆ ಎಂದು ತಿಳಿಯಬೇಕು.

ಅಳತೆಯಲ್ಲೂ ಬಲೆಗಳಿವೆ

ಅಂಕಿಗಳು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೆ ಓದಲು ತಿಳಿಯದವರಿಗೆ ಅವು ಸತ್ಯವನ್ನೂ ಹೇಳುವುದಿಲ್ಲ.

ಹತ್ತು ನಿಮಿಷಗಳಲ್ಲಿ ಒಂದು ನಿಮಿಷ ಪ್ರೊಸೆಸರು ನೂರಕ್ಕೆ ನೂರು ದುಡಿದು, ಉಳಿದ ಒಂಬತ್ತು ನಿಮಿಷ ಸುಮ್ಮನಿತ್ತು ಎಂದುಕೊಳ್ಳಿ. ಸರಾಸರಿ ಶೇ 10. ದಾಖಲೆ ನೋಡಿದವರು 'ಯಂತ್ರಕ್ಕೆ ಕೆಲಸವೇ ಇಲ್ಲ' ಎನ್ನುತ್ತಾರೆ. ಆ ಒಂದು ನಿಮಿಷ ಪರದಾಡಿದವರ ಪಾಡು ಅದರಲ್ಲಿ ಕಾಣುವುದೇ ಇಲ್ಲ. ತರಗತಿಯ ಸರಾಸರಿ ಅಂಕ 60 ಎಂದಮಾತ್ರಕ್ಕೆ ಎಲ್ಲರೂ ತೇರ್ಗಡೆಯಾದರೆಂದು ಅರ್ಥವಲ್ಲ.

'ವಿಎಂಸ್ಟ್ಯಾಟ್' ಎಂಬ ಜನಪ್ರಿಯ ಆದೇಶದಲ್ಲಿ ಇನ್ನೊಂದು ಬಲೆಯಿದೆ. ಅದು ತೋರಿಸುವ ಮೊದಲ ಸಾಲು ಈ ಕ್ಷಣದ್ದಲ್ಲ, ಯಂತ್ರ ಚಾಲೂ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಎರಡನೆಯ ಸಾಲಿನಿಂದ ಮುಂದಿನದಷ್ಟೇ ಈಗಿನ ಸ್ಥಿತಿ. ಹಾಗೆಯೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಮೀಟರುಗಳು ಸೊನ್ನೆಯಿಂದ ಆರಂಭವಾಗುತ್ತವೆ. ಹೊಸ ಅಂಕಿ ಹಳೆಯದಕ್ಕಿಂತ ಚಿಕ್ಕದಾಗಿ ಕಂಡರೆ ವ್ಯತ್ಯಾಸ ತೆಗೆಯುವಂತಿಲ್ಲ. ಆ ಸಾಲನ್ನು ಬಿಟ್ಟು ಮುಂದಿನಿಂದ ಎಣಿಸಬೇಕು.

ಕೊನೆಯದು ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಬಿಸಿನೀರಿಗೆ ತಣ್ಣನೆಯ ಉಷ್ಣಮಾಪಕವನ್ನು ಅದ್ದಿದಾಗ ಅದು ನೀರಿನ ಶಾಖವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದ ವಸ್ತುವನ್ನು ಬದಲಿಸುತ್ತದೆ. ಸ್ಕ್ರಿಪ್ಟ್ ಕೂಡ ಕಂಪ್ಯೂಟರಿನಲ್ಲಿ ಓಡುವ ಒಂದು ಕೆಲಸ ತಾನೆ? ಸೆಕೆಂಡಿಗೆ ನೂರು ಬಾರಿ ಅಳೆಯಲು ಹೇಳಿದರೆ ಅದರ ಗದ್ದಲವೇ ದಾಖಲೆಯಲ್ಲಿ ತುಂಬಿಕೊಳ್ಳುತ್ತದೆ. ಸಾಮಾನ್ಯ ಬಳಕೆಗೆ ನಿಮಿಷಕ್ಕೊಮ್ಮೆ ಸಾಕು.

ಮನೆಯಲ್ಲಿ, ಶಾಲೆಯಲ್ಲಿ

ಲಿನಕ್ಸ್ ಇಲ್ಲದವರೂ ನಿರಾಶರಾಗಬೇಕಿಲ್ಲ. ವಿಂಡೋಸ್‌ನಲ್ಲಿ 'ಟಾಸ್ಕ್ ಮ್ಯಾನೇಜರ್' ಆ ಕ್ಷಣದ ಸ್ಥಿತಿಯನ್ನು ತೋರಿಸುತ್ತದೆ. 'ಪರ್ಫಾರ್ಮೆನ್ಸ್ ಮಾನಿಟರ್' ಎಂಬುದು ದಾಖಲೆಯನ್ನೇ ಬರೆದಿಡುತ್ತದೆ. ಸಂಗ್ರಹವಾದ ಅಂಕಿಗಳನ್ನು ಕಂಪ್ಯೂಟರಿನಲ್ಲೇ ನಕ್ಷೆಯಾಗಿಸಬಹುದು. ಆದರೆ ಮೊದಲ ದಿನದ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬಿಡಿಸುವುದು ಒಳ್ಳೆಯದು. ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ಕೈಯಿಂದ ಬರೆದಾಗ ಮನಸ್ಸಿನಲ್ಲಿ ನಿಲ್ಲುತ್ತದೆ. ಪಕ್ಕದಲ್ಲಿ ಆ ಹೊತ್ತಿಗೆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರೆಂದು ಬರೆದುಕೊಂಡರೆ ಅರ್ಧ ಒಗಟು ಬಿಡಿಸಿದಂತೆ.

ಶಾಲೆಯ ಅಥವಾ ಕಾಲೇಜಿನ ಯಂತ್ರಗಳಲ್ಲಿ ಇದನ್ನು ಮಾಡುವವರು ಉಸ್ತುವಾರಿ ಶಿಕ್ಷಕರ ಅನುಮತಿ ಪಡೆಯಬೇಕು. ಪೋಷಕರು ತಿಳಿಯಬೇಕಾದ ಮಾತೂ ಒಂದಿದೆ. ಯಂತ್ರ ಎಷ್ಟು ದುಡಿಯಿತು ಎಂಬುದನ್ನು ಈ ಅಂಕಿಗಳು ಹೇಳುತ್ತವೆಯೇ ಹೊರತು ಮಕ್ಕಳು ಏನು ಓದಿದರು, ಏನು ನೋಡಿದರು ಎಂಬುದನ್ನಲ್ಲ. ಇದು ಗೂಢಚಾರಿಕೆಯ ಸಾಧನವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಯಂತ್ರ ಚೆನ್ನಾಗಿರುವಾಗಲೇ ದಾಖಲೆಯನ್ನು ಆರಂಭಿಸುವುದು. ಆರೋಗ್ಯವಾಗಿದ್ದಾಗಿನ ನಾಡಿ ಗೊತ್ತಿಲ್ಲದ ವೈದ್ಯನಿಗೆ ಕಾಯಿಲೆಯ ನಾಡಿ ಗುರುತಿಸುವುದು ಕಷ್ಟ. ಮೊದಲು 0.3 ಸೆಕೆಂಡು ಹಿಡಿಯುತ್ತಿತ್ತು ಎಂಬುದು ತಿಳಿದಿದ್ದರಿಂದಲೇ ಫ್ರಾಯಿಂಡ್‌ಗೆ 0.8 ಎಂಬುದು ತಪ್ಪಾಗಿ ಕಂಡಿತು. ಇಲ್ಲದಿದ್ದರೆ ಅದೂ ಒಂದು ಸಂಖ್ಯೆ, ಅಷ್ಟೆ. ಬೇಸಿಗೆ ರಜೆಯಲ್ಲಿ ಐದು ಹೆಜ್ಜೆಯ ಸ್ಕ್ರಿಪ್ಟ್ ಬರೆಯಲು ಒಂದು ಮಧ್ಯಾಹ್ನ ಸಾಕು. ಅದು ಬರೆದಿಟ್ಟ ಸಾಲುಗಳು ಎಂದು ಉಪಯೋಗಕ್ಕೆ ಬರುತ್ತವೆ ಎಂಬುದನ್ನು ಮುಂದಾಗಿ ಹೇಳಲಾಗದು. 75 ಸೆಂಟಿನ ಹಿಂದೆ ಹೊರಟ ಸ್ಟಾಲ್‌ಗೂ ದಾರಿ ಹ್ಯಾನೋವರ್‌ವರೆಗೆ ಹೋಗುತ್ತದೆಂದು ಗೊತ್ತಿರಲಿಲ್ಲ.